ಮುಂಚೆ ಬಂದ ಮಾರ್ದನಿ

ವರ್ಷಕ್ಕೆರಡು ಸಲ, ಮಾರ್ಚಿಯಲ್ಲೊಮ್ಮೆ, ಸೆಪ್ಟೆಂಬರಲ್ಲೊಮ್ಮೆ,
ಗುಡ್ಡದ ಹೊಟ್ಟೆಗಿಳಿದು
ಪಾಸ್ಕೋನ ದನಿಯನ್ನು ಮಗ್ಗುಲು ಬದಲಿಸಿ
ಮಲಗಿಸಿ ಬರುತ್ತೇನೆ.

ಕೆಲಸ ಇಷ್ಟೇ: ಈ ಸುರುಳಿಯ ಟೇಪನ್ನು ಆ ಸುರುಳಿಗೆ ಸುತ್ತುವುದು.
ಹಾಗೇ ಬಿಟ್ಟರೆ ಮಾತು ಪಕ್ಕದ ಪದರಕ್ಕೆ ಇಳಿಯುತ್ತದೆ,
ಒದ್ದೆ ಬಟ್ಟೆಯ ಬಣ್ಣ
ಮಡಿಕೆಯಿಂದ ಮಡಿಕೆಗೆ ಹತ್ತಿಕೊಂಡ ಹಾಗೆ.

ಮೂರು ಉಕ್ಕಿನ ಬಾಗಿಲು. ಮೂರನೆಯದರ ಕೀಲಿ
ಗಿಲ್‌ಕ್ರಿಸ್ಟರ ಹತ್ತಿರ. ಹೊರಗೇ ನಿಂತು ಪೈಪು ಸೇದುತ್ತಾರೆ.
"ಬೇಗ ಮುಗಿಸು ಥೆಲ್ಮಾ, ಟೊಮ್ಯಾಟೊ ಸಸಿಗೆ ನೀರು ಹಾಕಿಲ್ಲ."
ಒಳಗೆ ತೊಂಬತ್ತು ಹಾಸಿಗೆ, ಆರು ಕಕ್ಕಸು,
ಬಿಸ್ಕತ್ತಿನ ಡಬ್ಬಿಗಳ ಗೋಡೆ,
ಮತ್ತೆ ಒಂದು ಪಿಂಗ್‌ಪಾಂಗ್ ಮೇಜು.
ಯಾವ ಕಮಿಟಿ ಕೂತು ಬರೆಯಿತೋ ಆ ಪಟ್ಟಿ,
ಚೆಂಡು ಮರೆತಿದ್ದಾರೆ.

ಡಬ್ಬಿಯ ಮೇಲೆ ಹಸಿರು ಶಾಯಿ: 'ಪ್ರಸಾರ, ಸೂಚನೆ ಬಂದಾಗ.'
ತಾರೀಕಿನ ಜಾಗ ಖಾಲಿ.
ಕೆಳಗೆ ನನ್ನ ಸಹಿಗಳು, ಒಂದರ ಕಾಲ ಬುಡಕ್ಕೊಂದು,
ಮೊದಲ ಮೂರು
ಮದುವೆಗೆ ಮುಂಚಿನ ಹೆಸರಿನಲ್ಲಿ.

ಹೆಡ್‌ಫೋನಿನಲ್ಲೇ ಕೇಳಬೇಕು, ಸ್ಪೀಕರಿಗೆ ಹಾಕಕೂಡದು. ನಿಯಮ.
ಗೋಡೆಯ ಆ ಸ್ವಿಚ್ಚಿನ ಮೇಲೆ ನನ್ನ ಕೋಟು ನೇತುಹಾಕುತ್ತೇನೆ.
ಇದು ನಿಯಮವಲ್ಲ, ನನ್ನ ಪುಕ್ಕಲು.

ಆಮೇಲೆ ಪಾಸ್ಕೋ. ಕುರ್ಚಿ ಕಿರ್ರೆನ್ನುತ್ತದೆ.
ಉಸಿರೆಳೆದುಕೊಳ್ಳುತ್ತಾನೆ.
ಏನಾಯಿತೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿ,
"ಬೀದಿಗಿಳಿಯಬೇಡಿ. ಸ್ನಾನದ ತೊಟ್ಟಿಯ ನೀರು ಕುಡಿಯಲಿಕ್ಕಿರಲಿ.
ಸತ್ತವರನ್ನು ಬೇರೆ ಕೋಣೆಗೆ ಸಾಗಿಸಿ,
ಹೆಸರು ಬರೆದ ಚೀಟಿ ಕಟ್ಟಿ.
ರೇಡಿಯೋ ಆರಿಸಿ. ಬ್ಯಾಟರಿ ಉಳಿಸಿ.
ಮೂರು ಗಂಟೆಗೆ ಮತ್ತೆ ಬರುತ್ತೇನೆ."

ಅದೇ ದನಿ, ಭಾನುವಾರ ಮಧ್ಯಾಹ್ನ
ತೋಟದ ಮಾತು ಹೇಳುತ್ತಿದ್ದದ್ದು:
ಗುಲಾಬಿಗೆ ಎಲ್ಲಿ ಕತ್ತರಿ ಹಾಕಬೇಕು,
ಪ್ಲಮ್ಮಿನ ಬೇರಿಗೆ ಎಷ್ಟು ಬೂದಿ.
ಅದಕ್ಕೇ ಅವನನ್ನು ಆರಿಸಿದ್ದು. ಜನ ನಂಬಬೇಕಲ್ಲ.
ಗುರುತಿಲ್ಲದವನು ಬಂದು ಹೇಳಿದರೆ
ಸಾವನ್ನಾದರೂ ಯಾರು ಒಳಗೆ ಕರೆಯುತ್ತಾರೆ?

ಪಾಸ್ಕೋ ಈಗ ಕಾರ್ನ್‌ವಾಲಿನ ಕಡಲಂಚಿನಲ್ಲಿದ್ದಾನೆ.
ಗಂಟಲು ಕೊಯ್ದು ದನಿಪೆಟ್ಟಿಗೆ ತೆಗೆದಿದ್ದಾರೆ.
ಕ್ರಿಸ್‌ಮಸ್ಸಿನ ಕಾರ್ಡಿನಲ್ಲಿ ಒಂದೇ ಸಾಲು:
"ನನ್ನದು ಅಲ್ಲಿ ಕ್ಷೇಮವೇ?"
ಕ್ಷೇಮ, ಎಂದು ಬರೆದೆ.
ಮತ್ತೇನು ಬರೆಯಲಿ? ಉಳಿದಿರುವುದು ಅದೊಂದೇ ದನಿ,
ಅದು ಯಾರ ಕಿವಿಗೂ ಬೀಳದಿರಲಿ ಎಂದು
ಒಬ್ಬ ಮನುಷ್ಯನಿಗೆ ಹರಸುವುದು ಹೇಗೆ?

ಹೋದ ಸೆಪ್ಟೆಂಬರಿನಲ್ಲಿ ಮುಷ್ಕರ, ಸುತ್ತು ತಪ್ಪಿತು.
ಈ ಮಾರ್ಚಿಯಲ್ಲಿ ಹಾಕಿದರೆ,
ಉಸಿರಿಗೂ ಮಾತಿಗೂ ನಡುವಿನ ಮೌನದಲ್ಲಿ,
ಬಾವಿಯ ತಳದಿಂದೆಂಬಂತೆ, ತೆಳ್ಳಗೆ,
ಇನ್ನೂ ಆಡದ ಆ ಮೊದಲ ಮಾತು.
ಮಾರ್ದನಿಯೇ, ಆದರೆ ಮುಂಚೆ ಬಂದದ್ದು,
ಕರೆಯುವ ಮೊದಲೇ ಓಗೊಟ್ಟ ಹಾಗೆ.
ಮೂರು ಸಲ ಹಿಂದಕ್ಕೆ ಸುತ್ತಿ ಕೇಳಿದೆ. ಇತ್ತು.
ಕತ್ತಲಲ್ಲಿ ಮಲಗೇ ಮಲಗಿ
ಸುದ್ದಿ ತಾನಾಗಿ ಜಿನುಗತೊಡಗಿತ್ತು.

ಬ್ಲೇಡು ತೆಗೆದುಕೊಂಡೆ.
ಮೌನವನ್ನು ಕತ್ತರಿಸಿ, ಬಿಳಿಯ ಖಾಲಿ ಟೇಪು ಅಂಟಿಸಬೇಕು,
ನಮ್ಮಲ್ಲಿ ಅದೇ ಕ್ರಮ.
ಆದರೆ ಮೌನದ ಜೊತೆ ಉಸಿರೂ ಹೋಗುತ್ತದೆ.
ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಿಲ್‌ಕ್ರಿಸ್ಟರು ಬಾಗಿಲು ಬಡಿದರು.
ಹದಿನೈದು ಅಂಗುಲ. ಕತ್ತರಿಸಿದೆ.
ಲಾಗ್ ಪುಸ್ತಕದಲ್ಲಿ: 'ತೃಪ್ತಿಕರ.'

ಹೊರಗೆ ವೂಸ್ಟರ್‌ಶೈರಿನ ಪ್ಲಮ್ ಮರಗಳು
ಕಣ್ಣು ಚುಚ್ಚುವಷ್ಟು ಬೆಳ್ಳಗೆ.
ಬಸ್ಸಿನಲ್ಲಿ ಕೋಟಿನ ಜೇಬಿಗೆ ಕೈ ಹಾಕಿದರೆ
ಸುರುಳಿಸುತ್ತಿಕೊಂಡು ಕೂತಿತ್ತು ಆ ಉಸಿರು.

ಮನೆಯಲ್ಲಿ ಟೇಪಿನ ಯಂತ್ರವಿಲ್ಲ.
ಮೇ ತಿಂಗಳಲ್ಲಿ ಬಟಾಣಿ ಬಳ್ಳಿಯನ್ನು
ಅದರಿಂದಲೇ ಕೋಲಿಗೆ ಕಟ್ಟಿದೆ,
ಸಡಿಲವಾಗಿ.
ಬಿಗಿಯಬೇಡಿ, ಎನ್ನುತ್ತಿದ್ದ ಪಾಸ್ಕೋ ಭಾನುವಾರಗಳಲ್ಲಿ,
ಬಳ್ಳಿ ಇನ್ನೂ ದಪ್ಪವಾಗುವುದಿದೆ,
ಒಂದು ಬೆರಳಿನಷ್ಟು ಜಾಗ ಬಿಡಿ.